ವಾಲ್‌ಬ್ರೊ 255 ಫ್ಯೂಯಲ್ ಪಂಪ್: ಟರ್ಬೊ ಗಾಡಿಗೆ ಧಾರಾಳ ಸಾಕು, ವೈರ್ ಬದಲಿಸಿದರೆ

1.3 ಅಥವಾ 1.5 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂರಿಸಿ 180ರಿಂದ 250 ಎಚ್‌ಪಿ ತೆಗೆಯುವ ಲೆಕ್ಕಾಚಾರವಿದ್ದರೆ ವಾಲ್‌ಬ್ರೊ ಜಿಎಸ್‌ಎಸ್342ಕ್ಕಿಂತ ದೊಡ್ಡ ಪಂಪ್ ಬೇಕಿಲ್ಲ. ಟ್ಯಾಂಕಿನೊಳಗೇ ಕೂರುತ್ತದೆ, ಸೈಜು ಚಿಕ್ಕದು, ಗಂಟೆಗೆ 255 ಲೀಟರ್ ಎನ್ನುವ ಹೆಸರು ಸುಳ್ಳಲ್ಲ. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಓಡುವ ಗಾಡಿಗಳಲ್ಲಿ ಈ ಪಂಪಿನ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ನಿಜಕ್ಕೂ ಪಂಪಿನ ದೂರುಗಳಲ್ಲ. ಉಪ್ಪುಗಾಳಿಗೆ ಕಿಲುಬು ಹಿಡಿದ ಅರ್ಥಿಂಗ್, ಕಂಪನಿಯಿಂದ ಬಂದ ತೆಳ್ಳನೆ ವೈರು, ಎಲ್ಲಿಂದಲೋ ಕಿತ್ತು ಹಾಕಿದ ರಿಲೇ, ಇವುಗಳ ದೂರುಗಳು. ಹಾಗಾಗಿ ಈ ವಿಮರ್ಶೆಯಲ್ಲಿ ಪಂಪಿಗೆ ಎಷ್ಟು ಜಾಗವೋ ವೈರಿಂಗಿಗೂ ಅಷ್ಟೇ.

ಮೊದಲು ಆ 255ರ ಲೆಕ್ಕ. ಸುಮಾರು 2.75 ಬಾರ್ ಪ್ರೆಶರ್, ಪಂಪಿನ ಟರ್ಮಿನಲ್ಲಿನಲ್ಲಿ 13.5 ವೋಲ್ಟ್ ಇದ್ದಾಗ ಬರುವ ಅಂಕಿ ಇದು. ಪ್ರೆಶರ್ ಏರಿದಂತೆ ಲೀಟರ್ ಇಳಿಯುತ್ತದೆ. 4 ಬಾರಿಗೆ 220ರ ಆಸುಪಾಸು, 5.5 ಬಾರಿಗೆ 180ರ ಆಸುಪಾಸು. ವೋಲ್ಟೇಜ್ 13.5ರಿಂದ 12ಕ್ಕೆ ಬಿದ್ದರೆ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ಹೋಯಿತು. ಇಂಟರ್ನೆಟ್ಟಿನಲ್ಲಿ 255ರ ಪಂಪಿಗೂ 340ರ ಪಂಪಿಗೂ ಹೋಲಿಕೆ ಮಾಡಿ ತಲೆ ಕೆಡಿಸಿಕೊಳ್ಳುವವರು ಈ ಒಂದೂವರೆ ವೋಲ್ಟಿನ ಕಡೆ ನೋಡುವುದೇ ಇಲ್ಲ.

ಎಂಜಿನ್ನಿಗೆ ಬೇಕಾದದ್ದೆಷ್ಟು? ಟರ್ಬೊ ಪೆಟ್ರೋಲ್ ಎಂಜಿನ್ ಫುಲ್ ಲೋಡಿನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ, ಟರ್ಬೊ ಇಲ್ಲದ್ದು 230 ಗ್ರಾಂ. 200 ಎಚ್‌ಪಿಗೆ 54 ಕಿಲೋ ಆಯಿತು. ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ಹತ್ತಿರ ತೂಗುವುದರಿಂದ ಅದು 73 ಲೀಟರ್. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದರಲ್ಲಿ ಅಷ್ಟೇ ಗಾಳಿಗೆ ಸುಮಾರು ಶೇ. 7ರಷ್ಟು ಹೆಚ್ಚು ಇಂಧನ ಬೇಕು, 78 ಲೀಟರ್ ಎನ್ನಿ. ಮೇಲೆ ಕಾಲು ಭಾಗ ಕೈಯಲ್ಲಿರಲಿ ಎಂದು ಸೇರಿಸಿದರೂ 98 ದಾಟುವುದಿಲ್ಲ. 1 ಬಾರ್ ಬೂಸ್ಟ್ (ಟರ್ಬೊ ಕೊಡುವ ಹೆಚ್ಚಿನ ಗಾಳಿಯ ಒತ್ತಡ) ಇದ್ದು ರೇಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಪ್ರೆಶರ್ 4 ಬಾರಿಗೆ ಹೋದಾಗಲೂ ಈ ಪಂಪ್ ಅದರ ಎರಡು ಪಾಲು ಕೊಡುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎಂಜಿನ್ನಿನ ಎಚ್‌ಪಿ. ಡೈನೋ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಶೀಟಿನಲ್ಲಿ ಚಕ್ರದ ಎಚ್‌ಪಿ ಇದ್ದರೆ ಶೇ. 15ರಷ್ಟು ಸೇರಿಸಿಕೊಳ್ಳಿ.

300 ಎಚ್‌ಪಿವರೆಗೆ ಇದೇ ಪಂಪ್ ನಿಶ್ಚಿಂತೆಯಿಂದ ಸಾಗುತ್ತದೆ. 400ರ ಹತ್ತಿರ ಹೋಗುವಾಗ ಇದೇ ಲೆಕ್ಕ 195 ಲೀಟರ್ ತೋರಿಸುತ್ತದೆ. ಆಗ ಎಇಎಮ್ 340 ಅಥವಾ ಡಾಯ್ಚ್‌ವರ್ಕ್ಸ್ ಡಿಡಬ್ಲ್ಯು300 ನೋಡಬೇಕು. ವಾಲ್‌ಬ್ರೊ 450 ಇ85 (ಶೇ. 85ರ ತನಕ ಎಥನಾಲ್ ಇರುವ ಇಂಧನ) ಸುಡುವವರಿಗೆ ಮಾಡಿದ್ದು. ನಮ್ಮ ಬಂಕಿನ ಪೆಟ್ರೋಲಿನಲ್ಲಿ ಓಡುವ ಚಿಕ್ಕ ಎಂಜಿನ್ನಿಗೆ ಅದನ್ನು ಹಾಕಿಸುವುದು ಶೋಕಿಯಷ್ಟೆ. ಶೋಕಿಗೆ ದಂಡವೂ ಉಂಟು: ಹೆಚ್ಚಾದ ಪೆಟ್ರೋಲ್ ಎಲ್ಲ ರೇಲ್ ಸುತ್ತಿ ಬಿಸಿಯಾಗಿ ಟ್ಯಾಂಕಿಗೆ ವಾಪಸ್ ಬರುತ್ತದೆ. ಏಪ್ರಿಲ್–ಮೇ ಸೆಕೆಯಲ್ಲಿ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಆ ಬಿಸಿ ಪೆಟ್ರೋಲಿನಲ್ಲಿ ಗುಳ್ಳೆ ಎದ್ದು ಪಂಪ್ ಕೂಗಲು ಶುರುಮಾಡುತ್ತದೆ.

255ರಲ್ಲೂ ಈ ಗುಣ ಸ್ವಲ್ಪ ಮಟ್ಟಿಗೆ ಇದೆ, ಅಲ್ಲಿ ಬರುವುದು ರೆಗ್ಯುಲೇಟರಿನ, ಅಂದರೆ ರೇಲ್ ಪ್ರೆಶರನ್ನು ಹದದಲ್ಲಿಡುವ ವಾಲ್ವಿನ ಪ್ರಶ್ನೆ. ಐಡಲಿನಲ್ಲಿ ಎಂಜಿನ್ ಕುಡಿಯುವುದು ಗಂಟೆಗೆ ಒಂದು ಲೀಟರ್ ಆಚೀಚೆ. ಉಳಿದ ಇನ್ನೂರು ಚಿಲ್ಲರೆ ಲೀಟರ್ ರೆಗ್ಯುಲೇಟರಿನ ಚಿಕ್ಕ ತೂತಿನಲ್ಲಿ ತೂರಿ ರಿಟರ್ನ್ ಲೈನಿಗೆ ಹೋಗಬೇಕು. ಹಳೆಯ ಎಂಪಿಎಫ್‌ಐ (ಸಿಲಿಂಡರಿಗೊಂದು ಇಂಜೆಕ್ಟರ್ ಇರುವ) ಗಾಡಿಗಳ ಕಂಪನಿ ರೆಗ್ಯುಲೇಟರನ್ನು ಇಷ್ಟು ಹರಿವಿಗೆ ಮಾಡಿದ್ದಲ್ಲ. 3 ಬಾರ್ ಇರಬೇಕಾದ ಕಡೆ ಗೇಜು 3.4, 3.6 ತೋರಿಸುತ್ತದೆ, ಐಡಲಿನಲ್ಲಿ ಗಾಡಿ ರಿಚ್ ಆಗಿ (ಪೆಟ್ರೋಲ್ ಹೆಚ್ಚಾಗಿ) ಪ್ಲಗ್ಗು ಕಪ್ಪಾಗುತ್ತದೆ. ಟ್ಯೂನ್ ಮಾಡುವವರು ಅದನ್ನೂ ಮ್ಯಾಪಿನಲ್ಲಿ (ಇಸಿಯು ಎಂಬ ಎಂಜಿನ್ ಕಂಪ್ಯೂಟರಿನ ಇಂಧನದ ಪಟ್ಟಿಯಲ್ಲಿ) ಸರಿಪಡಿಸಿ ಕೈತೊಳೆದುಕೊಂಡರೆ ಮುಂದೆ ಬಿಸಿಲಿಗೊಂದು, ಮಳೆಗೊಂದು ವರ್ತನೆ. ವ್ಯಾಕ್ಯೂಮ್ ಪೈಪ್ ಕೂಡುವ, ಬೂಸ್ಟ್ ಏರಿದಷ್ಟೇ ಪ್ರೆಶರನ್ನೂ ಏರಿಸುವ ಅಡ್ಜಸ್ಟೆಬಲ್ ರೆಗ್ಯುಲೇಟರನ್ನು ಪಂಪಿನ ಜೊತೆಗೇ ತರಿಸಿ. ಅದರ ಫಿಟ್ಟಿಂಗ್‌ಗಳನ್ನೂ ಅದೇ ಆರ್ಡರಿನಲ್ಲಿ ಸೇರಿಸಿ. ಒಂದು ಅಡಾಪ್ಟರ್ ಕಡಿಮೆ ಬಿದ್ದರೆ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಬರುವ ತನಕ ಗಾಡಿ ಗ್ಯಾರೇಜಿನಲ್ಲೇ.

ಈಚಿನ ಗಾಡಿಗಳಲ್ಲಿ ರಿಟರ್ನ್ ಲೈನೇ ಇಲ್ಲ. ರೆಗ್ಯುಲೇಟರ್ ಟ್ಯಾಂಕಿನೊಳಗಿನ ಮಾಡ್ಯೂಲಿನಲ್ಲಿ (ಪಂಪ್, ಫ್ಲೋಟ್ ಎಲ್ಲ ಕೂಡಿದ ಜೋಡಣೆ) ಇರುತ್ತದೆ, ಅದಕ್ಕೆ ಬೂಸ್ಟಿನ ಸುದ್ದಿ ಗೊತ್ತಾಗುವುದಿಲ್ಲ. ಮ್ಯಾನಿಫೋಲ್ಡಿನಲ್ಲಿ 0.7 ಬಾರ್ ಬೂಸ್ಟ್ ಬಂದರೆ ಇಂಜೆಕ್ಟರಿನ ಮೇಲೆ ಕೆಲಸ ಮಾಡುವ ಪ್ರೆಶರ್ ಅಷ್ಟೇ ಕಡಿಮೆಯಾಯಿತು. ಪಂಪ್ ದೊಡ್ಡದು ಮಾಡಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ದೊಡ್ಡ ಇಂಜೆಕ್ಟರ್ ಹಾಕಿ ಮ್ಯಾಪಿನಲ್ಲಿ ಹೊಂದಿಸಬೇಕು, ಇಲ್ಲವೇ ಹೊಸದಾಗಿ ರಿಟರ್ನ್ ಲೈನ್ ಎಳೆಯಬೇಕು. ಟಿಎಸ್‌ಐ ತರಹದ ಡೈರೆಕ್ಟ್ ಇಂಜೆಕ್ಷನ್ (ಸಿಲಿಂಡರಿನೊಳಕ್ಕೇ ಪೆಟ್ರೋಲ್ ಸಿಂಪಡಿಸುವ) ಗಾಡಿಯವರಿಗಂತೂ ಈ ಪಂಪ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕೊರತೆ ಬೀಳುವುದು ಹೆಚ್ಚಾಗಿ ಕ್ಯಾಮ್‌ಶಾಫ್ಟ್ ಓಡಿಸುವ ಹೈ ಪ್ರೆಶರ್ ಪಂಪಿನಲ್ಲಿ. ಟ್ಯಾಂಕಿನ ಪಂಪನ್ನು ಎಷ್ಟೋ ಮಾಡೆಲ್‌ಗಳಲ್ಲಿ ಬೇರೆ ಕಂಟ್ರೋಲ್ ಯೂನಿಟ್ ನಿಯಂತ್ರಿಸುತ್ತಿರುತ್ತದೆ, ಅಲ್ಲಿ ಕೈಯಾಡಿಸಿದರೆ ಚೆಕ್ ಲೈಟ್ ಗ್ಯಾರಂಟಿ.

ಕೊಳ್ಳುವಾಗ ಎರಡು ವಿಷಯ. ಜಿಎಸ್‌ಎಸ್341, 342 ಎಂದು ಬೇರೆ ಬೇರೆ ನಂಬರ್ ಇರುವುದು ಮುಖ್ಯವಾಗಿ ಪೆಟ್ರೋಲ್ ಎಳೆದುಕೊಳ್ಳುವ ಬಾಯಿ ಯಾವ ದಿಕ್ಕಿಗಿದೆ ಎನ್ನುವುದಕ್ಕೆ. ನಿಮ್ಮ ಮಾಡ್ಯೂಲ್ ಬಿಚ್ಚಿ, ಹಳೇ ಪಂಪಿನ ತಳದ ಫೋಟೊ ತೆಗೆದು, ಹೋಲಿಸಿ ಆಮೇಲೆ ಆರ್ಡರ್ ಮಾಡಿ. ಬಾಡಿ 39 ಮಿ.ಮೀ. ದಪ್ಪ, ಬಹಳಷ್ಟು ಮಾಡ್ಯೂಲಿಗೆ ಹೊಂದುತ್ತದೆ. 450ರ ಬುಡ ಇನ್ನೂ ದಪ್ಪ, ಚಿಕ್ಕ ಗಾಡಿಯ ಬಕೆಟ್ಟಿನಲ್ಲಿ (ಪಂಪಿನ ಸುತ್ತ ಪೆಟ್ರೋಲ್ ಹಿಡಿದಿಡುವ ಬಟ್ಟಲು) ಇಳಿಯುವುದಿಲ್ಲ. ಎರಡನೆಯದು ನಕಲಿ ಮಾಲು. ವಾಲ್‌ಬ್ರೊ ಫ್ಯೂಯಲ್ ಪಂಪುಗಳು ಈಗ ಟಿಐ ಆಟೋಮೋಟಿವ್ ಹೆಸರಿನಲ್ಲಿ ಬರುತ್ತವೆ. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಫ್ಯೂಯಲ್ ಪಂಪುಗಳಲ್ಲಿ ಈ 255 ಒಂದು, ಡಬ್ಬಿ ನೋಡಿ ತೀರ್ಮಾನ ಮಾಡಲಾಗುವುದಿಲ್ಲ. ಬೇರೆಲ್ಲ ಕಡೆ ಇರುವ ದರದ ಅರ್ಧಕ್ಕೆ ಯಾರಾದರೂ ಕೊಟ್ಟರೆ ಅದು ಡಿಸ್ಕೌಂಟ್ ಅಲ್ಲ. ಬಿಲ್ ಕೊಡುವ, ವಾಪಸ್ ತೆಗೆದುಕೊಳ್ಳುವ ಡೀಲರಿಂದಲೇ ತರಿಸಿ, ಬಂದ ಮೇಲೆ ಕೆಳಗೆ ಹೇಳುವ ಕ್ಯಾನಿನ ಪರೀಕ್ಷೆ ಮಾಡಿ. ಹರಿವನ್ನು ನಕಲು ಮಾಡಲಾಗುವುದಿಲ್ಲ.

ಈಗ ವೈರಿಂಗ್. 255 ಪಂಪ್ 3 ಬಾರಿಗೆ 7ರಿಂದ 8 ಆಂಪಿಯರ್ ಎಳೆಯುತ್ತದೆ, 5 ಬಾರಿಗೆ 10ರ ಮೇಲೆ. ಚಿಕ್ಕ ಗಾಡಿಯ ಕಂಪನಿ ಪಂಪ್ ಇದರ ಅರ್ಧದಷ್ಟರಲ್ಲೇ ಕೆಲಸ ಮುಗಿಸುತ್ತಿತ್ತು, ವೈರೂ ಅದಕ್ಕೆ ತಕ್ಕಷ್ಟೇ. ಬ್ಯಾಟರಿಯಿಂದ ಹಿಂದಿನ ಸೀಟಿನ ತನಕ 5 ಮೀಟರ್ ಹಿಡಿಯಿರಿ. 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 8 ಆಂಪಿಯರ್ ಹೋದರೆ ಆ ದೂರಕ್ಕೇ 0.7 ವೋಲ್ಟ್ ನಷ್ಟ. ನಡುವಿನ ಕನೆಕ್ಟರ್, ಹಳೇ ರಿಲೇ, ಇಗ್ನಿಷನ್ ಸ್ವಿಚ್ಚು ಸೇರಿದರೆ ಒಂದೂವರೆ ವೋಲ್ಟ್ ಸಲೀಸಾಗಿ ಹೋಗುತ್ತದೆ. ಅಡಿಕೆ ತೋಟಕ್ಕೆ 5 ಎಚ್‌ಪಿ ಮೋಟರ್ ತಂದು ಅರ್ಧ ಇಂಚಿನ ಪೈಪಿಗೆ ಜೋಡಿಸಿದ ಹಾಗೆ. 2.5 ಚದರ ಮಿ.ಮೀ. ವೈರಿನಲ್ಲಿ ಅದೇ ದೂರಕ್ಕೆ 0.3 ವೋಲ್ಟ್ ಮಾತ್ರ.

ನಮ್ಮ ಕಡೆಯ ವಿಶೇಷ ಇರುವುದು ಅರ್ಥಿಂಗಿನಲ್ಲಿ. ಸಮುದ್ರದ ಬದಿ ನಿಲ್ಲುವ ಗಾಡಿಯ ಹಿಂದಿನ ಸೀಟು ಎತ್ತಿ, ಪಂಪಿನ ಕಪ್ಪು ವೈರ್ ಬಾಡಿಗೆ ಕೂಡುವ ಬೋಲ್ಟ್ ನೋಡಿ. ರಿಂಗ್ ಟರ್ಮಿನಲ್ಲಿನ ಅಂಚಿಗೆ ಹಸಿರು ಕಿಲುಬು, ಅದರಡಿಯ ಶೀಟಿಗೆ ಕಂದು ತುಕ್ಕು, ಬೋಲ್ಟ್ ಬಿಗಿಯಾಗಿಯೇ ಇರುತ್ತದೆ. ವೈರಿನ ಇನ್ಸುಲೇಷನ್ ಎರಡಿಂಚು ಸುಲಿದರೆ ಒಳಗಿನ ಎಳೆಗಳೂ ಕಪ್ಪಾಗಿರುತ್ತವೆ, ತೇವ ವೈರಿನೊಳಗೇ ಏರಿರುತ್ತದೆ. ಮಲ್ಟಿಮೀಟರಿನ ಕಂಟಿನ್ಯುಟಿ ಬೀಪ್ ಇಲ್ಲಿ ಉಪಯೋಗಕ್ಕಿಲ್ಲ, ಎಂಥ ಹಾಳು ಜಾಯಿಂಟಿಗೂ ಅದು ಕೂಗುತ್ತದೆ. ಪಂಪ್ ಓಡುತ್ತಿರುವಾಗಲೇ ಅಳೆಯಬೇಕು: ಒಂದು ಪ್ರೋಬ್ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಪಂಪಿನ ಕಪ್ಪು ವೈರಿಗೆ. 0.1 ವೋಲ್ಟಿನೊಳಗೆ ಇದ್ದರೆ ಒಳ್ಳೆಯದು, 0.3 ದಾಟಿದರೆ ಆ ಬೋಲ್ಟನ್ನು ನಂಬಬೇಡಿ. ಶಿರಸಿ, ಸಿದ್ದಾಪುರದ ಗಾಡಿಗಳಲ್ಲಿ ಉಪ್ಪಿನ ಕಾಟವಿಲ್ಲ, ಆದರೆ ನಾಲ್ಕು ತಿಂಗಳ ಮಳೆಯ ತೇವಕ್ಕೆ ಫಲಿತಾಂಶ ಬೇರೆಯೇನಿಲ್ಲ.

ಹೊಸ ವೈರಿಂಗ್ ಹೀಗೆ: ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್, 5 ಬಾರಿನ ಹತ್ತಿರ ಓಡಿಸುವವರು 20. ಅಲ್ಲಿಂದ 2.5 ಚದರ ಮಿ.ಮೀ. ವೈರ್ ರಿಲೇಯ 30ನೇ ನಂಬರ್ ಪಿನ್ನಿಗೆ, 87ನೇ ಪಿನ್ನಿನಿಂದ ಪಂಪಿಗೆ. ಪಂಪಿಗೆ ಮೊದಲು ಹೋಗುತ್ತಿದ್ದ ಕಂಪನಿ ಪ್ಲಸ್ ವೈರನ್ನು 86ಕ್ಕೆ, 85 ಅರ್ಥಿಗೆ. ರಿಲೇಯನ್ನು ಇಗ್ನಿಷನ್ನಿಗೆ ನೇರ ಜೋಡಿಸಿಬಿಡುವವರು ಇದ್ದಾರೆ, ಅದು ಶುದ್ಧ ತಪ್ಪು. ಎಂಜಿನ್ ನಿಂತ ಕೂಡಲೇ ಇಸಿಯು ಪಂಪನ್ನು ನಿಲ್ಲಿಸುತ್ತದೆ. ಗಾಡಿ ಗುದ್ದಿ ಲೈನ್ ಹರಿದಾಗ ಬೆಂಕಿ ಹತ್ತದಂತೆ ಕಾಯುವುದು ಅದೇ. ಫಿಯೆಟ್ ಗಾಡಿಗಳಲ್ಲಿರುವ ಇನರ್ಷಿಯಾ ಕಟ್ ಸ್ವಿಚ್ಚಿಗೂ ಇದೇ ಮಾತು, ಬೈಪಾಸ್ ಮಾಡಬೇಡಿ. ಅರ್ಥಿಂಗಿಗೆ ಬಣ್ಣ ಕೆರೆದು ಹೊಳೆಯುವ ಶೀಟ್ ತೋರಿಸಿ, ತವರ ಲೇಪದ ರಿಂಗ್ ಟರ್ಮಿನಲ್ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಜಾಯಿಂಟುಗಳನ್ನು ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದು ಒಂದು ಮಳೆಗಾಲಕ್ಕೆ ಬಿಚ್ಚಿಕೊಳ್ಳುತ್ತದೆ. ರಿಲೇ ಡಿಕ್ಕಿಯ ಒಣ ಜಾಗದಲ್ಲಿ, ಪಿನ್ನುಗಳು ಕೆಳಮುಖವಾಗಿರಲಿ.

ಫಿಟ್ಟಿಂಗ್ ಕೆಲಸ ಕಷ್ಟದ್ದಲ್ಲ, ಅಪಾಯದ್ದು. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವ ತನಕ ಬಿಟ್ಟರೆ ಲೈನಿನ ಪ್ರೆಶರ್ ಇಳಿಯುತ್ತದೆ. ಆಮೇಲೆ ಬ್ಯಾಟರಿ ಮೈನಸ್ ತೆಗೆಯಿರಿ. ಕೆಲಸ ಬಯಲಿನಲ್ಲಿ ಆಗಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಶೆಡ್ಡಿನ ಮೂಲೆಯಲ್ಲಿ, ಇನ್ಸ್‌ಪೆಕ್ಷನ್ ಗುಂಡಿಯಲ್ಲಿ ತುಂಬಿ ನಿಲ್ಲುತ್ತದೆ. ಹ್ಯಾಲೊಜೆನ್ ಲ್ಯಾಂಪ್ ಬೇಡ, ಎಬಿಸಿ ಪೌಡರ್ ಸಿಲಿಂಡರ್ ಕೈಗೆಟಕುವಲ್ಲಿ ಇರಲಿ. ಮುಚ್ಚಳ ಬಿಚ್ಚುವ ಮುಂಚೆ ಅದರ ಮೇಲಿನ ಕೆಂಪು ಧೂಳನ್ನು ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಈ ಮಣ್ಣು ಟ್ಯಾಂಕಿಗೆ ಬಿದ್ದರೆ ಪಂಪಿನ ಬಾಯಿಯ ಹೊಸ ಜಾಲರಿ (ಫಿಲ್ಟರ್) ಮೊದಲ ದಿನವೇ ಕಟ್ಟಲು ಶುರು. ಲಾಕ್ ರಿಂಗನ್ನು ಕಬ್ಬಿಣದ ಉಳಿಯಿಂದ ಹೊಡೆಯಬೇಡಿ, ಹಿತ್ತಾಳೆ ಅಥವಾ ಮರದ ತುಂಡು ಸಾಕು. ಮಾಡ್ಯೂಲನ್ನು ಓರೆ ಮಾಡಿ ಎತ್ತಿ, ಫ್ಲೋಟಿನ ತಂತಿ ಬಗ್ಗಿದರೆ ಗೇಜು ಇನ್ನು ಮುಂದೆ ಸುಳ್ಳು ಹೇಳುತ್ತದೆ.

ಒಳಗೆ ತಪ್ಪುವ ಜಾಗ ಮೂರು. ದೊಡ್ಡದು ಹೋಸ್. ಅಂಗಡಿಯಲ್ಲಿ ಫ್ಯೂಯಲ್ ಇಂಜೆಕ್ಷನ್ ಹೋಸ್ ಎಂದು ಕೊಡುವುದು ಹೆಚ್ಚಾಗಿ ಎಸ್‌ಎಇ ಜೆ30ಆರ್9 ಮಾನದಂಡದ್ದು. ಅದರ ಒಳಗಿನ ಪದರ ಮಾತ್ರ ಪೆಟ್ರೋಲ್ ತಡೆಯುತ್ತದೆ. ಇಡೀ ತುಂಡು ಪೆಟ್ರೋಲಿನಲ್ಲಿ ಮುಳುಗಿದರೆ ಹೊರಗಿನ ರಬ್ಬರ್ ಉಬ್ಬಿ, ಮೆತ್ತಗಾಗಿ, ಕ್ಲಿಪ್ಪಿನ ಹತ್ತಿರ ಸೀಳುತ್ತದೆ. ಆಗ ಪಂಪ್ ಟ್ಯಾಂಕಿನೊಳಗೇ ಟ್ಯಾಂಕಿಗೆ ಪೆಟ್ರೋಲ್ ಸುರಿಯುತ್ತಿರುತ್ತದೆ. ಐಡಲ್ ಸರಿ, ಆಕ್ಸಿಲರೇಟರ್ ತುಳಿದರೆ ಗಾಡಿ ಕುಂಟುತ್ತದೆ, ಎಲ್ಲರೂ ಪಂಪಿಗೇ ಬೈಯುತ್ತಾರೆ. ಟ್ಯಾಂಕಿನೊಳಗೆ ಜೆ30ಆರ್10 ಎಂದು ಮೈಮೇಲೆ ಅಚ್ಚಾದ ಹೋಸೇ ಬೇಕು, ಗೇಣುದ್ದಕ್ಕೆ ಬೆಲೆ ನೋಡಿ ಬೆಚ್ಚಿ ಬೀಳಬೇಡಿ. ಕ್ಲಿಪ್ ಪೂರ್ತಿ ಸುತ್ತು ಬಿಗಿಯುವ ಇಂಜೆಕ್ಷನ್ ಕ್ಲಿಪ್ ಆಗಿರಲಿ. ಎರಡನೆಯದು ಬಕೆಟ್ ತುಂಬಿಸುವ ಜೆಟ್. ಹಲವು ಮಾಡ್ಯೂಲುಗಳಲ್ಲಿ ವಾಪಸ್ ಬರುವ ಪೆಟ್ರೋಲಿನ ಒಂದು ಎಳೆ ಬಕೆಟ್ಟಿನ ಬುಡದ ಚಿಕ್ಕ ನಳಿಗೆಯಲ್ಲಿ ಚಿಮ್ಮಿ, ಟ್ಯಾಂಕಿನ ಪೆಟ್ರೋಲನ್ನು ಒಳಗೆ ಎಳೆದು ತರುತ್ತದೆ. ಜಾಗ ಸಾಲದೆಂದು ಅದನ್ನು ಕತ್ತರಿಸಿ ಹಾಕಿದರೆ ಬಕೆಟ್ ಬರಿದಾಗುತ್ತದೆ. ಮೂರನೆಯದು ವೈರು: ಮಾಮೂಲಿ ಪಿವಿಸಿ ಇನ್ಸುಲೇಷನ್ ಪೆಟ್ರೋಲಿನಲ್ಲಿ ಗಡುಸಾಗಿ ಒಡೆಯುತ್ತದೆ, ಪಂಪಿನ ಜೊತೆ ಬಂದ ವೈರನ್ನೇ ಬಳಸಿ. ಪ್ಲಸ್ ಮೈನಸ್ ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ, ಸದ್ದು ಬರುತ್ತದೆ, ಪ್ರೆಶರ್ ಬರುವುದಿಲ್ಲ. ಮುಚ್ಚಳದ ಓ-ರಿಂಗ್ ಹೊಸದೇ ಹಾಕಿ. ಜಾಲರಿ ಟ್ಯಾಂಕಿನ ತಳಕ್ಕೆ ತಾಗುತ್ತಿದೆಯೇ, ಮುಚ್ಚಳ ಒತ್ತದೇ ಕೂರುತ್ತಿದೆಯೇ ನೋಡಿಕೊಳ್ಳಿ.

ಪರೀಕ್ಷೆ: ರಿಟರ್ನ್ ಇರುವ ಗಾಡಿಯಲ್ಲಿ ರಿಟರ್ನ್ ಪೈಪನ್ನು ನೆಲದ ಮೇಲಿಟ್ಟ 5 ಲೀಟರಿನ ಲೋಹದ ಕ್ಯಾನಿಗೆ ಇಳಿಬಿಡಿ, ರೇಲ್ ಪ್ರೆಶರ್ 3 ಬಾರಿಗೆ ಹೊಂದಿಸಿ, ಎಂಜಿನ್ ಓಡಿಸದೆ ರಿಲೇಗೆ ಕರೆಂಟ್ ಕೊಟ್ಟು 30 ಸೆಕೆಂಡ್ ಪಂಪ್ ಓಡಿಸಿ. ಪಂಪಿನಲ್ಲಿ 12 ವೋಲ್ಟ್ ಇದ್ದರೆ ಸುಮಾರು 1.7 ಲೀಟರ್ ಬೀಳಬೇಕು. 1.2 ಬಂತೆಂದರೆ ಮೊದಲು ವೋಲ್ಟೇಜ್, ಆಮೇಲೆ ಹೋಸ್, ಆಮೇಲೆ ಎಂಜಿನ್ ಬೇಯಲ್ಲಿನ ಹಳೇ ಫಿಲ್ಟರ್. ಮೂರೂ ಸರಿಯಿದ್ದೂ ಅಷ್ಟೇ ಎಂದಾದರೆ ಡೀಲರಿಗೆ ಫೋನು. ಕೀ ಆಫ್ ಮಾಡಿದ ಮೇಲೆ ಪ್ರೆಶರ್ ಕೆಲ ನಿಮಿಷವಾದರೂ ನಿಲ್ಲಬೇಕು, ಪಂಪಿನೊಳಗೇ ಚೆಕ್ ವಾಲ್ವ್ ಇದೆ. ತಕ್ಷಣ ಸೊನ್ನೆಗೆ ಬಿದ್ದರೆ ಒಳಗಿನ ಕ್ಲಿಪ್ಪನ್ನು ಅನುಮಾನಿಸಿ. ಫುಲ್ ಥ್ರಾಟಲಿನಲ್ಲಿ 5,500 ಆರ್‌ಪಿಎಮ್ ಮೇಲೆ ಗಾಡಿ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಂತೆ) ಆಗುತ್ತಿದ್ದು, ಜೊತೆಗೆ ಪ್ರೆಶರೂ ಇಳಿಯುತ್ತಿದ್ದರೆ ತಪ್ಪು ಪಂಪಿನ ಕಡೆ ಇದೆ. ಪ್ರೆಶರ್ ಅಲುಗದೆ ಲೀನ್ ಆದರೆ ಇಂಜೆಕ್ಟರ್ ಸಾಲುತ್ತಿಲ್ಲ. ನಾಲ್ಕು ಸಿಲಿಂಡರಿನ 200 ಎಚ್‌ಪಿಗೆ ಶೇ. 80ರ ಡ್ಯೂಟಿಯಲ್ಲಿ (ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು) ನಿಮಿಷಕ್ಕೆ 400 ಸಿಸಿ ಹತ್ತಿರದ ಇಂಜೆಕ್ಟರ್ ಬೇಕು, ಇ20ಗೆ ಇನ್ನೂ ಸ್ವಲ್ಪ ಮೇಲೆ.

ಘಟ್ಟ ಹತ್ತುವಾಗ ಕಾಣುವ ತೊಂದರೆ ಬೇರೆ. ಕುಮಟಾ–ಶಿರಸಿ ದಾರಿಯ ದೇವಿಮನೆ, ಅಂಕೋಲಾ–ಯಲ್ಲಾಪುರದ ಅರಬೈಲು, ಇಂಥ ತಿರುವುಗಳಲ್ಲಿ ಪೆಟ್ರೋಲ್ ಒಂದೇ ಬದಿಗೆ ಸರಿಯುತ್ತದೆ. ಜೆಟ್ ಸರಿಯಿದ್ದು ಬಕೆಟ್ ತುಂಬಿದ್ದರೆ ಅಡ್ಡಿಯಿಲ್ಲ. ಬಕೆಟ್ ಇಲ್ಲದೆ ಪಂಪನ್ನು ಬ್ರ್ಯಾಕೆಟ್ಟಿಗೆ ಕಟ್ಟಿದ ಗಾಡಿಗಳಲ್ಲಿ ಜಾಲರಿ ಗಾಳಿ ಎಳೆದು, ಲೋಡಿನಲ್ಲಿರುವಾಗಲೇ ಪ್ರೆಶರ್ ಕುಸಿಯುತ್ತದೆ, ಟರ್ಬೊ ಎಂಜಿನ್ನಿನ ಪಿಸ್ಟನ್ ಹೋಗಲು ಅಷ್ಟು ಸಾಕು. ಅಂಥವರು ಅರ್ಧ ಟ್ಯಾಂಕಿನ ಕೆಳಗೆ ಘಟ್ಟಕ್ಕೆ ಗಾಡಿ ಒಯ್ಯದಿರುವುದೇ ಕ್ಷೇಮ. ಹೊರಗೆ ಸರ್ಜ್ ಟ್ಯಾಂಕ್ (ಪಂಪಿಗೆ ಸದಾ ಪೆಟ್ರೋಲ್ ಹಿಡಿದಿಡುವ ಚಿಕ್ಕ ಟ್ಯಾಂಕ್) ಕೂರಿಸುವುದು ಇನ್ನೊಂದು ದಾರಿ, ಆದರೆ ರಸ್ತೆ ಗಾಡಿಗೆ ಅದು ಅತಿಯಾಯಿತು.

ಸದ್ದಿನ ವಿಷಯದಲ್ಲಿ ಹೊಗಳಲಾರೆವು. ಹಿಂದಿನ ಸೀಟಿನಲ್ಲಿ ಕೂತವರಿಗೆ ಸಣ್ಣ ಶಿಳ್ಳೆ ಕೇಳುತ್ತಲೇ ಇರುತ್ತದೆ. ಡಾಯ್ಚ್‌ವರ್ಕ್ಸಿನವು ಈ ವಿಷಯದಲ್ಲಿ ಮೇಲು. ಪಂಪಿನ ಮೈಗೆ ಬರುವ ರಬ್ಬರ್ ತೋಳು ಎಸೆಯದೆ ಹಾಕಿದರೆ ಸುಮಾರಾಗುತ್ತದೆ. ಶಿಳ್ಳೆ ಇದ್ದಕ್ಕಿದ್ದಂತೆ ಜೋರಾದರೆ ಮಾತ್ರ ಜಾಲರಿ ಕಟ್ಟಿದೆ ಎಂದರ್ಥ. ಇ20 ನೀರು ಹೀರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ಎಥನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕೆ ಇಳಿಯುವ ಸಂಭವವಿದೆ, ಪಂಪ್ ಮೊದಲು ಕುಡಿಯುವುದು ಅದನ್ನೇ. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಕೆಎ-30 (ಕಾರವಾರ) ಇರಲಿ, ಕೆಎ-31 (ಶಿರಸಿ) ಇರಲಿ, ಟರ್ಬೊ ಹಾಕಿ ಎಂಜಿನ್ ಬದಲಿಸಿದ ಗಾಡಿ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಸಿಕ್ಕುತ್ತದೆ. ವಿಮೆಯವರು ಕ್ಲೇಮ್ ಹೊತ್ತಿನಲ್ಲಿ ಅದನ್ನೇ ಹಿಡಿಯಬಹುದು, ತಿಳಿದೇ ಮುಂದುವರಿಯಿರಿ.

ಫಿಟ್ಟಿಂಗ್ ಮುಗಿದ ದಿನ ಎಂಜಿನ್ ಓಡುತ್ತಿರುವಾಗ ಪಂಪಿನ ಟರ್ಮಿನಲ್ಲಿನಲ್ಲಿ ಬಂದ ವೋಲ್ಟೇಜನ್ನು ಸೀಟಿನಡಿಯ ಮುಚ್ಚಳದ ಮೇಲೆ ಮಾರ್ಕರಿನಿಂದ ಬರೆದಿಡಿ. ಬ್ಯಾಟರಿಯಲ್ಲಿ 14 ಇದ್ದಾಗ ಇಲ್ಲಿ 13.5 ಇರಬೇಕು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಮತ್ತೆ ಅಳೆಯಿರಿ. 0.3 ವೋಲ್ಟ್ ಇಳಿದಿದ್ದರೆ ಅರ್ಥಿಂಗ್ ಬೋಲ್ಟ್ ಬಿಚ್ಚಿ ಕೆರೆದು ಮತ್ತೆ ಕಟ್ಟಬೇಕು. 10 ನಂಬರ್ ಸ್ಪ್ಯಾನರಿನ, ಹದಿನೈದು ನಿಮಿಷದ ಕೆಲಸ.